ವೈಫೈ ಪಾಸ್‌ವರ್ಡೂ ಯಜಮಾನಿ ಕೈಲಿರ್ಲಿ

ರೇಷನ್ ಕಾರ್ಡಲ್ಲಿ ಮನೆ ಯಜಮಾನಿ ಯಾರು ಅಂದ್ರೆ ಹೆಂಗಸು. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಅಂಗೆ ಬರ್ದೈತೆ, 18 ವರ್ಷ ತುಂಬಿದ, ಮನೇಲಿ ಎಲ್ಲಾ ಹೆಂಗಸರಿಗಿಂತ ಹಿರಿಯಳೇ ಕಾರ್ಡಿಗೆ ಯಜಮಾನಿ ಅಂತ. 2023ರ ಆಗಸ್ಟಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿನೂ ಅವಳ ಖಾತೆಗೇ ಬರೋದು. ರಾಗಿ ಹಿಟ್ಟು ಇನ್ನೆಷ್ಟು ದಿನಕ್ಕೈತೆ, ಗ್ಯಾಸು ಯಾವತ್ತು ಮುಗಿಯುತ್ತೆ, ಬೀರು ಬೀಗದ ಕೈ ಯಾವ ಸೀರೆ ಮಡಿಕೆ ಒಳಗೈತೆ, ಎಲ್ಲಾ ಅವಳ ತಲೇಲಿ. ಆದ್ರೆ "ನಿಮ್ಮನೆ ವೈಫೈ ಪಾಸ್‌ವರ್ಡ್ ಏನಮ್ಮ?" ಅಂತ ಕೇಳಿ ನೋಡಿ. ಹತ್ತು ಮನೇಲಿ ಎಂಟು ಮನೆಯಿಂದ ಒಂದೇ ಉತ್ತರ: "ಅಯ್ಯೋ, ಅದು ನಮ್ ಹುಡುಗನ್ನ ಕೇಳ್ಬೇಕು ಕಣಮ್ಮ."

ಹುಡುಗ ಎಲ್ಲವ್ನೆ? ಬೆಂಗಳೂರಲ್ಲಿ ಕೆಲಸದಲ್ಲವ್ನೆ. ಮೀಟಿಂಗ್ ಅಂತೆ, ಫೋನ್ ಎತ್ತಲ್ಲ. ಅಲ್ಲೀವರ್ಗೂ ಮನೆ ಹೆಂಗಸ್ರು ಕೈ ಕಟ್ಕೊಂಡು ಕೂತಿರ್ಬೇಕು.

ನನ್ನ ಮಾತು ಇಷ್ಟೇ. ವೈಫೈ ಪಾಸ್‌ವರ್ಡು ಬೀರು ಬೀಗದ ಕೈ ಇದ್ದಂಗೆ. ಅದು ಮನೇಲಿ ಇರೋರ ಕೈಲಿರ್ಬೇಕು, ಊರು ಬಿಟ್ಟು ಹೋದೋರ ತಲೇಲಲ್ಲ. ಪಾಸ್‌ವರ್ಡ್ ತಗೊಳ್ತಿಲ್ಲ ಅಂತ ಫೋನು ಹಠ ಹಿಡಿದ್ರೆ ಅದನ್ನ ಸರಿ ಮಾಡೋ ವಿದ್ಯೆನೂ ನಮಗೇ ಬರ್ಬೇಕು. ಅದೇನು ಎಂಜಿನಿಯರಿಂಗ್ ಓದ್ಬೇಕಾದ ವಿದ್ಯೆ ಅಲ್ಲ. ಹೋಳಿಗೆಗೆ ಕಣಕ ಕಲಸೋದು ಇದಕ್ಕಿಂತ ಕಷ್ಟ.

"ಇದಕ್ಯಾಕೆ ಇಷ್ಟು ದೊಡ್ಡ ಮಾತು, ರೀಲ್ಸು ನೋಡೋಕೆ ತಾನೆ" ಅಂತ ಕೆಲವರಿಗೆ ಅನ್ನಿಸ್ಬೋದು. 2020ರಲ್ಲಿ ಇಸ್ಕೂಲು ಮುಚ್ಚಿ ಪಾಠ ಫೋನಿಗೆ ಬಂತಲ್ಲ, ಅವತ್ತಿಂದ ಇದು ರೀಲ್ಸಿನ ಮಾತಾಗಿ ಉಳ್ದಿಲ್ಲ. ಶಿಡ್ಲಘಟ್ಟದಲ್ಲಿ ಗೂಡು ಮಾರಿದ ದುಡ್ಡು ಬ್ಯಾಂಕ್ ಖಾತೆಗೆ ಬರ್ತದೆ, ಬಂತಾ ಇಲ್ವಾ ಅಂತ ಫೋನಲ್ಲೇ ನೋಡ್ಬೇಕು. ಕರೆಂಟು ಬಿಲ್ಲು ಫೋನಲ್ಲಿ, ಗ್ಯಾಸ್ ಬುಕಿಂಗು ಫೋನಲ್ಲಿ, ಕಾಲೇಜಿನ ಅರ್ಜಿ ಫೋನಲ್ಲಿ, ಅಮೆರಿಕದಲ್ಲಿರೋ ಮಗಳ ಮುಖ ಫೋನಲ್ಲಿ. ಸಿಮ್ಮಿನ ಡೇಟಾ ಮಧ್ಯಾಹ್ನಕ್ಕೇ ಖಾಲಿ. ಕಲ್ಲು ಚಪ್ಪಡಿ ಮನೆ ಒಳಗೆ ಸಿಗ್ನಲ್ಲೂ ಬರಲ್ಲ. ಅದಕ್ಕೇ ತಾನೆ ತಿಂಗಳಿಗೆ ಅಷ್ಟು ದುಡ್ಡು ಕೊಟ್ಟು ಮನೆಗೆ ವೈಫೈ ಹಾಕ್ಸಿರೋದು? ದುಡ್ಡು ಕಟ್ಟೋರು ನಾವು, ಬೀಗದ ಕೈ ಇನ್ನೊಬ್ಬರ ಹತ್ರ ಅಂದ್ರೆ ಯಾವ ನ್ಯಾಯ?

ಮೊದ್ಲು ಈ ಬೀಗ ಯಾಕೆ ಬೇಕು ಅನ್ನೋದು ತಿಳ್ಕೊಳ್ಳಾಣ. ವೈಫೈ ಅನ್ನೋದು ರೇಡಿಯೋ ಅಲೆ. ಗೌರಿಬಿದನೂರು ಹತ್ರ ಹೊಲದ ಮಧ್ಯೆ ಸಾಲು ಸಾಲು ಕಂಬ, ತಂತಿ ನೆಟ್ಟಿರೋದು ನೋಡಿದ್ದೀರಲ್ಲ? ಅದು 1976ರಿಂದ ಆಕಾಶದ ರೇಡಿಯೋ ಅಲೆ ಹಿಡಿಯೋ ದೂರದರ್ಶಕ. ಕೋಟಿ ಕೋಟಿ ಮೈಲಿ ಆಚೆಯಿಂದ ಹೊರಟ ಅಲೆ ನಮ್ಮೂರ ಹೊಲಕ್ಕೆ ಬಂದು ಬೀಳ್ತದೆ ಅಂದ್ಮೇಲೆ, ನಮ್ಮನೆ ಹಾಲಲ್ಲಿಟ್ಟ ಡಬ್ಬಿಯ ಅಲೆ ಪಕ್ಕದ ಮನೆಗೆ ಹೋಗಲ್ವಾ? ಗೋಡೆ ದಾಟ್ತದೆ, ಬೀದಿಗೂ ಹೋಗ್ತದೆ. ಒಗ್ಗರಣೆ ಘಮಲು ಬೀದಿಗೆ ಹೋದಂಗೆ. ತಡೆಯೋಕಾಗಲ್ಲ. ಅದಕ್ಕೇ ಅಲೆಗೆ ಬೀಗ ಹಾಕೋದು. ಪಾಸ್‌ವರ್ಡ್ ಗೊತ್ತಿದ್ದೋರಿಗೆ ಮಾತ್ರ ಅದು ತೆರ್ಕೊಳ್ತದೆ.

ಬೀಗ ಹಾಕ್ದೆ ಬಿಟ್ರೆ ಏನಾಗ್ತದೆ ಅನ್ನೋದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಪಾಠ ನಡ್ದೋಗೈತೆ. 2008ರ ಜುಲೈ 26ರಂದು ಅಹಮದಾಬಾದಲ್ಲಿ ಬಾಂಬ್ ಸಿಡಿದ್ವು. ಅದಕ್ಕೆ ಒಸಿ ಮುಂಚೆ ಒಂದು ಬೆದರಿಕೆ ಈಮೇಲ್ ಬಂದಿತ್ತು. ಎಲ್ಲಿಂದ ಬಂತು ಅಂತ ಪೊಲೀಸ್ರು ಹುಡುಕ್ಕೊಂಡು ಹೋದ್ರೆ, ನವಿ ಮುಂಬೈಯಲ್ಲಿ ವಾಸವಿದ್ದ ಒಬ್ಬ ಅಮೆರಿಕದವರ ಮನೆ ವೈಫೈಯಿಂದ. ಆ ವೈಫೈಗೆ ಸರಿಯಾದ ಬೀಗ ಇರ್ಲಿಲ್ಲ, ಇನ್ಯಾರೋ ಬಳಸ್ಕೊಂಡಿದ್ರು. ಆದ್ರೆ ಮೊದ್ಲು ಪೊಲೀಸ್ರು ವಿಚಾರಿಸಿದ್ದು ಆ ಮನೆಯವರನ್ನ. ಅದಕ್ಕೇ ಹೇಳೋದು, ಪಾಸ್‌ವರ್ಡ್ ತೊಂದ್ರೆ ಕೊಡ್ತೈತೆ ಅಂತ ಬೀಗನೇ ತೆಗೆದು ಬಿಡ್ಬೇಡಿ. "ಪಾಸ್‌ವರ್ಡೇ ಬೇಡ, ಓಪನ್ ಇಡಿ" ಅಂತ ಯಾರಾದ್ರೂ ಸುಲಭದ ದಾರಿ ಹೇಳಿದ್ರೆ ಕಿವಿ ಮೇಲೆ ಹಾಕ್ಕೋಬೇಡಿ.

ಈಗ ತೊಂದ್ರೆ ವಿಷ್ಯಕ್ಕೆ ಬರಾಣ. ಶಿಡ್ಲಘಟ್ಟದ ಕಡೆ ನೂಲು ಬಿಚ್ಚೋ ಹೆಂಗಸ್ರನ್ನ ನೋಡಿ. ಗೂಡು ಬಿಸಿನೀರಲ್ಲಿ ಬೆಂದ ಮೇಲೆ ಎಳೆಯ ತುದಿ ಹುಡುಕ್ತಾರೆ. ಸಿಕ್ಕಿದ್ದೆಲ್ಲ ಜಗ್ಗಿದ್ರೆ ಗೂಡೇ ಹಾಳು. ಸರಿಯಾದ ತುದಿ ಸಿಕ್ರೆ ನೂಲು ತಾನಾಗೇ ಬಿಚ್ಕೊಳ್ತಾ ಬರ್ತದೆ. ವೈಫೈ ತೊಂದ್ರೆನೂ ಅಂಗೇ. ನಮ್ಮ ಮನೆಗಳಲ್ಲಿ ಏನ್ಮಾಡ್ತಾರೆ ಅಂದ್ರೆ ಮೊದ್ಲೇ ಡಬ್ಬಿ ಮೇಲೆ ಕೈ ಹಾಕ್ತಾರೆ, ವೈರ್ ಕೀಳ್ತಾರೆ, ಪಿನ್ನು ಚುಚ್ತಾರೆ. ಅಂಗೆ ಬೇಡ. ತುದಿ ಹುಡುಕಿ.

ಮೊದ್ಲು ರೋಗ ಯಾವ್ದು ಅಂತ ನೋಡಿ. ಫೋನು "ಪಾಸ್‌ವರ್ಡ್ ತಪ್ಪು" ಅಂತೈತಾ, ಇಲ್ಲಾ "ಕನೆಕ್ಟ್ ಆಗೈತೆ, ಇಂಟರ್ನೆಟ್ ಇಲ್ಲ" ಅಂತೈತಾ? ಇವೆರಡೂ ಬೇರೆ ಬೇರೆ. ಎರಡನೇದು ಪಾಸ್‌ವರ್ಡ್ ತೊಂದ್ರೆನೇ ಅಲ್ಲ. ನೀವು ಬೀಗ ತೆಗೆದು ಒಳಗೆ ಹೋಗಿದ್ದೀರ, ನಲ್ಲೀಲಿ ನೀರು ಬರ್ತಿಲ್ಲ ಅಷ್ಟೆ. ಬಿಲ್ಲು ಕಟ್ಟಿಲ್ವೇನೋ, ಇಲ್ಲಾ ಬೀದೀಲಿ ಫೈಬರ್ ವೈರು ತುಂಡಾಗಿರ್ತದೆ. ಕೋತಿ ಜೋತಾಡಿದ್ರೂ ಆಯ್ತು, ಎತ್ತರದ ಲಾರಿ ತಗಲಿದ್ರೂ ಆಯ್ತು. ಫೈಬರ್ ಡಬ್ಬಿ ಮೇಲೆ ಎಲ್‌ಒಎಸ್ ಅಂತ ಬರ್ದಿರೋ ಲೈಟು ಕೆಂಪಗೆ ಉರೀತಿದ್ರೆ ವೈರಿಂದೇ ತೊಂದ್ರೆ. ಕಂಪನಿಯವರಿಗೆ ಫೋನ್ ಮಾಡಿ, "ಎಲ್‌ಒಎಸ್ ಕೆಂಪಗೈತೆ" ಅಂತ ಒಂದೇ ಮಾತು ಹೇಳಿ. ಇಷ್ಟು ಹೇಳಿದ್ರೆ ಅತ್ಲಾಗಿನ ಹುಡುಗ "ಅದು ಮಾಡಿ, ಇದು ಮಾಡಿ" ಅಂತ ಅರ್ಧ ಗಂಟೆ ಆಟ ಆಡ್ಸಲ್ಲ.

ಮೊದಲ್ನೇದು, ಅಂದ್ರೆ "ಪಾಸ್‌ವರ್ಡ್ ತಪ್ಪು" ಅಂತ ಬಂದ್ರೆ, ನೂರಕ್ಕೆ ತೊಂಬತ್ತು ಅಂತಾರಲ್ಲ ಅಂಗೆ, ಹೆಚ್ಚಾಗಿ ಟೈಪ್ ಮಾಡೋದ್ರಲ್ಲೇ ಎಡವಟ್ಟಾಗಿರ್ತದೆ. ಪಾಸ್‌ವರ್ಡ್ ಹಾಕೋ ಜಾಗದ ಪಕ್ಕ ಒಂದು ಕಣ್ಣಿನ ಗುರುತು ಇರ್ತದೆ, ಇಲ್ಲಾ "ಶೋ ಪಾಸ್‌ವರ್ಡ್" ಅಂತ ಇರ್ತದೆ. ಅದನ್ನ ಒತ್ತಿ. ಚುಕ್ಕಿ ಹೋಗಿ ಅಕ್ಷರ ಕಾಣ್ತವೆ. ಆಮೇಲೆ ಒಂದೊಂದೇ ಅಕ್ಷರ ನೋಡಿ. ದೊಡ್ಡ ಅಕ್ಷರ ಬೇರೆ, ಚಿಕ್ಕ ಅಕ್ಷರ ಬೇರೆ. ಫೋನು ಜಾಣತನ ತೋರ್ಸೋಕೆ ಹೋಗಿ ಮೊದಲ್ನೇ ಅಕ್ಷರ ತಾನೇ ದೊಡ್ಡದು ಮಾಡಿರ್ತದೆ. ಸೊನ್ನೆನೂ ಓ ಅಕ್ಷರನೂ ಅಕ್ಕ ತಂಗಿ ಇದ್ದಂಗೆ. ಒಂದು ಅನ್ನೋ ಅಂಕಿ, ದೊಡ್ಡ ಐ, ಚಿಕ್ಕ ಎಲ್, ಈ ಮೂರೂ ಒಂದೇ ಬಸುರಲ್ಲಿ ಹುಟ್ಟಿದ ಮಕ್ಕಳಂಗೆ ಕಾಣ್ತವೆ. ಕೊನೇಲಿ ಕಣ್ಣಿಗೆ ಕಾಣ್ದಂಗೆ ಒಂದು ಖಾಲಿ ಜಾಗ ಸೇರ್ಕೊಂಡಿರ್ತದೆ, ವಾಟ್ಸಾಪಿಂದ ನಕಲು ಹೊಡೆದು ಅಂಟಿಸ್ದಾಗ ಜಾಸ್ತಿ. ಅದೂ ಒಂದು ಅಕ್ಷರನೇ ಅಂತ ಲೆಕ್ಕ ಹಾಕ್ಕೊಂಡು ಬೀಗ ತೆಗೆಯಲ್ಲ. ಕೀಬೋರ್ಡು ಕನ್ನಡದಲ್ಲಿದ್ರೆ ಇಂಗ್ಲಿಷಿಗೆ ತಿರುಗ್ಸಿ. ಈ ಪಾಸ್‌ವರ್ಡಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಅಷ್ಟೇ ನಡೆಯೋದು.

ಎರಡನೇ ಕಾರಣ, ಫೋನಿನ ಹಳೇ ನೆನಪು. ಹುಡುಗ ಹಬ್ಬಕ್ಕೆ ಬಂದೋನು ಪಾಸ್‌ವರ್ಡ್ ಬದಲಾಯಿಸಿ ಹೋಗವ್ನೆ. ನಿಮ್ಮ ಫೋನು ಇನ್ನೂ ಹಳೇದನ್ನೇ ಜಪ ಮಾಡ್ತಾ ಕೂತೈತೆ. ಆಗ ವೈಫೈ ಸೆಟ್ಟಿಂಗಿಗೆ ಹೋಗಿ, ನಿಮ್ಮನೆ ನೆಟ್‌ವರ್ಕಿನ ಹೆಸರನ್ನ ಒತ್ತಿ "ಫರ್ಗೆಟ್" ಅನ್ನೋದನ್ನ ಒತ್ತಿ. ಅಂದ್ರೆ "ಹಳೇದು ಮರೆತುಬಿಡಮ್ಮ" ಅಂತ ಫೋನಿಗೆ ಹೇಳೋದು. ಹೆದರ್ಬೇಡಿ, ಫೋಟೋ ಗೀಟೋ ಏನೂ ಅಳಿಸ್ಹೋಗಲ್ಲ. ಆದ್ರೆ ಹೊಸ ಪಾಸ್‌ವರ್ಡು ಕೈಯಲ್ಲಿಟ್ಕೊಂಡೇ ಮರೆಸಿ.

ಮೂರನೇದು, ನೀವು ಬೇರೆಯವರ ಬಾಗಿಲಿಗೆ ನಿಮ್ಮ ಬೀಗದ ಕೈ ಹಾಕ್ತಿರ್ಬೋದು. ಒಂದೇ ಕಂಪನಿ ಒಂದೇ ಬೀದೀಲಿ ಹತ್ತು ಮನೆಗೆ ಡಬ್ಬಿ ಹಾಕಿದ್ರೆ ಹತ್ತರ ಹೆಸರೂ ಒಂದೇ ತರ, ಕೊನೇ ಅಂಕಿ ಮಾತ್ರ ಬೇರೆ. ಚಿಂತಾಮಣಿಯಲ್ಲಿ ನಮ್ಮ ಅತ್ತೆ ಮನೆ ಬೀದೀಲಿ ಇದೇ ಕಥೆ. ಎದುರು ಮನೆಯವರದ್ದಕ್ಕೆ ಇವರ ಪಾಸ್‌ವರ್ಡು ಹಾಕಿ ಹಾಕಿ, "ವೈಫೈ ಕೆಟ್ಟೋಗೈತೆ" ಅಂತ ತೀರ್ಪು ಕೊಟ್ಬಿಟ್ಟಿದ್ರು. ಡಬ್ಬಿಗೆ ನಿಮಗೆ ಗುರುತು ಸಿಗೋ ಹೆಸರು ಇಟ್ಕೊಳ್ಳಿ. ಆದ್ರೆ ಮನೆಯವರ ಹೆಸರು, ಮನೆ ನಂಬರು ಬೇಡ, ಬೀದೀಲಿ ಹೋಗೋರಿಗೆಲ್ಲ ಕಾಣ್ತದೆ. ಗುಲಾಬಿ, ತುಂಬೆಹೂವು, ಏನಾದ್ರೂ ಇಡಿ.

ನಾಲ್ಕನೇದು, ಹಳೇ ಫೋನಿನ ಕಷ್ಟ. ಮಕ್ಕಳು ಹೊಸ ಫೋನ್ ತಗೊಂಡು ಹಳೇದನ್ನ ಅಮ್ಮನಿಗೆ, ಅಜ್ಜಿಗೆ ಕೊಡ್ತಾರಲ್ಲ, ಪಾಪ ಆ ಫೋನಿಗೆ ಈಗಿನ ಬೀಗದ ಭಾಷೆ ಗೊತ್ತಿರಲ್ಲ. ವೈಫೈ ಬೀಗದಲ್ಲೂ ತಲೆಮಾರು ಅವೆ. 2004ರದ್ದು ಡಬ್ಲ್ಯುಪಿಎ2, 2018ರದ್ದು ಡಬ್ಲ್ಯುಪಿಎ3. ಹೊಸ ಡಬ್ಬಿಯನ್ನ ಬರೀ ಮೂರಕ್ಕೆ ಇಟ್ಬಿಟ್ರೆ ಹಳೇ ಫೋನಲ್ಲಿ ಸರಿಯಾದ ಪಾಸ್‌ವರ್ಡ್ ಹಾಕಿದ್ರೂ ಬೀಗ ತೆಗೆಯಲ್ಲ. ವೈಫೈ ಹಾಕೋಕೆ ಬಂದೋರಿಗೆ "ಎರಡೂ ನಡೆಯೋ ಅಂಗೆ ಇಡಪ್ಪ" ಅಂತ ಹೇಳಿ. ಇನ್ನೊಂದು, ಹೆಸರಿನ ಬಾಲದಲ್ಲಿ 5ಜಿ ಅಂತಿರೋ ನೆಟ್‌ವರ್ಕು ಹಳೇ ಫೋನಿಗೆ ಕಾಣೋದೇ ಇಲ್ಲ. ಆ 5ಜಿಗೂ ಮೊಬೈಲ್ ಸಿಮ್ಮಿನ 5ಜಿಗೂ ಸಂಬಂಧ ಇಲ್ಲ. ಅದು ಬೇಗ ಓಡ್ತದೆ, ಆದ್ರೆ ಗೋಡೆ ದಾಟೋಕೆ ಸುಸ್ತಾಗ್ತದೆ. ಬಾಲ ಇಲ್ಲದ್ದು ನಿಧಾನ, ಅಡುಗೆಮನೆವರ್ಗೂ ಬರ್ತದೆ. ಸಿಗ್ನಲ್ ಒಂದೇ ಗೆರೆ ಇದ್ರೂ ಕೆಲವು ಫೋನು ಪಾಸ್‌ವರ್ಡ್ ಮೇಲೇ ತಪ್ಪು ಹಾಕ್ತವೆ. ಅದಕ್ಕೆ ಮೊದಲ್ನೇ ಸಲ ಜೋಡಿಸೋವಾಗ ಡಬ್ಬಿ ಪಕ್ಕದಲ್ಲೇ ನಿಂತ್ಕೊಳ್ಳಿ.

ಇಷ್ಟೂ ನೋಡಿ ಆಗ್ಲಿಲ್ಲ ಅಂದ್ರೆ ಡಬ್ಬಿಯ ಸ್ವಿಚ್ಚು ಆಫ್ ಮಾಡಿ, ಮೂವತ್ತು ಎಣಿಸಿ ಆನ್ ಮಾಡಿ. ಎರಡು ಮೂರು ನಿಮಿಷ ಬಿಟ್ಟು ನೋಡಿ. ನಿಮ್ಮ ಫೋನನ್ನೂ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಇದಕ್ಕೆ ರೀಸ್ಟಾರ್ಟ್ ಅಂತಾರೆ. ಇದ್ರಿಂದ ಏನೂ ಕೆಡಲ್ಲ.

ರೀಸೆಟ್ ಅನ್ನೋದು ಬೇರೆ. ಹೆಸರು ಅಕ್ಕಪಕ್ಕ ಕೇಳ್ಸಿದ್ರೂ ಕೆಲಸ ಪೂರಾ ಬೇರೆ. ಡಬ್ಬಿ ಹಿಂದೆ ಸೂಜಿ ಹೋಗೋಷ್ಟು ತೂತು ಇರ್ತದೆ. ಅದರೊಳಗೆ ಪಿನ್ನು ಹಾಕಿ ಹತ್ತು ಸೆಕೆಂಡು ಒತ್ತಿದ್ರೆ ಡಬ್ಬಿ ಕಾರ್ಖಾನೆಯಿಂದ ಬಂದಾಗ ಯಂಗಿತ್ತೋ ಅಂಗಾಗ್ತದೆ. ನೀವಿಟ್ಟ ಹೆಸರು, ಪಾಸ್‌ವರ್ಡು ಎಲ್ಲಾ ಹೋಗ್ತದೆ. ಅದರ ಜೊತೆಗೆ ಎಷ್ಟೋ ಡಬ್ಬಿಗಳಲ್ಲಿ ಕಂಪನಿಯವರು ಒಳಗೆ ಹಾಕಿರೋ ಯೂಸರ್ ಹೆಸರು, ಅದರ ಗುಟ್ಟಿನ ಪಾಸ್‌ವರ್ಡೂ ಹೋಗ್ತದೆ. ಆಗ ಫೋನು ವೈಫೈಗೆ ಜೋಡ್ಕೊಳ್ತದೆ, ನೆಟ್ ಮಾತ್ರ ಬರಲ್ಲ. ಗೌರಿಬಿದನೂರಲ್ಲಿ ನಮ್ಮ ಚಿಕ್ಕಮ್ಮನ ಮನೇಲಿ ಪಕ್ಕದ ಮನೆ ಹುಡುಗ "ಎರಡೇ ನಿಮಿಷ ಆಂಟಿ" ಅಂತ ಪಿನ್ನು ಚುಚ್ಚಿದ. ಆ ಎರಡು ನಿಮಿಷ ಮೂರು ದಿನ ಆಯ್ತು, ಕಂಪನಿಯೋರು ಬರೋವರ್ಗೂ. ಆ ಮೂರು ದಿನದಲ್ಲೇ ಮಗಳ ಕಾಲೇಜಿನ ಅರ್ಜಿಗೆ ಕೊನೇ ದಿನ ಇತ್ತು. ತಾಯಿ ಮಗಳು ಬಸ್ ಸ್ಟ್ಯಾಂಡ್ ಹತ್ರ ಸೈಬರ್ ಅಂಗಡೀಲಿ ರಾತ್ರಿ ಎಂಟರವರ್ಗೂ ಸಾಲಲ್ಲಿ ನಿಂತು ಹಾಕಿ ಬಂದ್ರು. ಆ ಹುಡುಗ ಕೆಟ್ಟೋನಲ್ಲ. ಆದ್ರೆ ಆ ಹೊತ್ತಲ್ಲಿ ಡಬ್ಬಿ ತಿರುಗ್ಸಿ ತಳ ನೋಡಿದ್ರೆ ಸಾಕಿತ್ತು, ಪಾಸ್‌ವರ್ಡು ಅಲ್ಲೇ ಅಂಟಿಸಿತ್ತು.

ಹೂಂ, ಡಬ್ಬಿ ತಳದಲ್ಲಿ ಒಂದು ಚೀಟಿ ಅಂಟಿಸಿರ್ತಾರೆ. ಅದ್ರಲ್ಲಿ ಎರಡು ಪಾಸ್‌ವರ್ಡ್ ಇರ್ತವೆ. ಇಲ್ಲೇ ಎಲ್ರೂ ಎಡವೋದು. ಒಂದು ವೈಫೈದು, ಅದು ಫೋನಿಗೆ ಹಾಕೋದು. ಇನ್ನೊಂದು ಡಬ್ಬಿಯ ಒಳಮನೆಗೆ ಹೋಗೋದು, ಅಂದ್ರೆ ಹೆಸರು, ಪಾಸ್‌ವರ್ಡು ಬದಲಾಯಿಸೋ ಪುಟ ತೆಗೆಯೋದು. ಅದರ ಪಕ್ಕ 192.168.1.1 ಅಂತಾನೋ ಅದೇ ತರದ ನಂಬರೋ ಇರ್ತದೆ. ಒಂದು ಮುಂಬಾಗಿಲ ಬೀಗ, ಇನ್ನೊಂದು ಬೀರು ಬೀಗ. ಮುಂಬಾಗಿಲಿಗೆ ಬೀರು ಬೀಗದ ಕೈ ಹಾಕಿದ್ರೆ ಯಂಗೆ ತಿರುಗ್ತದೆ?

ತಳದಲ್ಲಿರೋದು ಹಳೇದಾಗಿದ್ರೂ ಇನ್ನೊಂದು ದಾರಿ ಐತೆ. ಮನೇಲಿ ಯಾರ ಫೋನಲ್ಲಾದ್ರೂ ವೈಫೈ ನಡೀತಿದ್ರೆ ಅದರ ಸೆಟ್ಟಿಂಗಲ್ಲಿ ಆ ನೆಟ್‌ವರ್ಕನ್ನ ಒತ್ತಿ "ಶೇರ್" ಅಂತ ಒತ್ತಿ. 2019ರ ಆಂಡ್ರಾಯ್ಡ್ 10 ಬಂದ ಮೇಲಿನ ಫೋನುಗಳಲ್ಲಿ ಇದು ಐತೆ. ಬೆರಳಚ್ಚು ಕೇಳ್ತದೆ, ಆಮೇಲೆ ಚೌಕದ ಕ್ಯೂಆರ್ ಕೋಡ್ ತೋರಿಸ್ತದೆ, ಅಂಗಡೀಲಿ ದುಡ್ಡು ಕಟ್ಟೋಕೆ ಇಟ್ಟಿರ್ತಾರಲ್ಲ ಅಂಥದ್ದೇ. ಇನ್ನೊಂದು ಫೋನಿಂದ ಅದನ್ನ ಸ್ಕ್ಯಾನ್ ಮಾಡಿದ್ರೆ ಟೈಪ್ ಮಾಡೋ ಕಷ್ಟನೇ ಇಲ್ಲ. ಎಷ್ಟೋ ಫೋನಲ್ಲಿ ಅದರ ಕೆಳಗೇ ಪಾಸ್‌ವರ್ಡೂ ಅಕ್ಷರದಲ್ಲಿ ಬರ್ದಿರ್ತದೆ. ಐಫೋನಲ್ಲಿ 2022ರಿಂದ ಸೆಟ್ಟಿಂಗಲ್ಲೇ ಪಾಸ್‌ವರ್ಡು ನೋಡ್ಬೋದು. ಅಲ್ಲಿಂದ ನೋಡ್ಕೊಂಡು ಬರ್ಕೊಳ್ಳಿ.

ಬರ್ಕೊಳ್ಳಿ ಅಂದ ತಕ್ಷಣ ಮನೆ ಗಂಡಸ್ರು, ಓದಿದ ಮಕ್ಕಳು ಹೌಹಾರ್ತಾರೆ. "ಪಾಸ್‌ವರ್ಡ್ ಯಾವತ್ತೂ ಬರೀಬಾರ್ದು" ಅಂತ. ಈ ಮಾತನ್ನ ನಾನು ಒಪ್ಪಲ್ಲ. ಬ್ಯಾಂಕಿನ ಪಿನ್ನು, ಓಟಿಪಿ, ಅವನ್ನ ಯಾರಿಗೂ ಹೇಳೋಕೂಡ್ದು, ಬರೆದಿಡೋಕೂಡ್ದು. ಅದು ಸರಿ. ಆದ್ರೆ ವೈಫೈ ಪಾಸ್‌ವರ್ಡು ಮನೆಮಂದಿಗೆಲ್ಲ ಸೇರಿದ್ದು. ಅದನ್ನ ಕದಿಯೋನು ಎಲ್ಲೋ ಹೊರಗೆ ಕೂತು ಊಹೆ ಮಾಡ್ತಾನೆ, ಮಗನ ಹೆಸರು, ಹುಟ್ಟಿದ ವರ್ಷ, ಫೋನ್ ನಂಬರು ಹಾಕಿ ಹಾಕಿ ನೋಡ್ತಾನೆ. ನಿಮ್ಮ ಬೀರು ಒಳಗಿರೋ ಲೆಕ್ಕದ ಪುಸ್ತಕ ಅವನಿಗೆ ಕಾಣಲ್ಲ. ಬೀರುವರ್ಗೂ ಬಂದ ಕಳ್ಳ ವೈಫೈ ಕೇಳ್ತಾನಾ, ಒಡವೆ ಕೇಳ್ತಾನಾ? ನೆನಪಿರ್ಲಿ ಅಂತ ಮಗನ ಹೆಸರು ಇಟ್ಟು ಬಾಯಲ್ಲಿಟ್ಕೊಳ್ಳೋದಕ್ಕಿಂತ, ಊಹಿಸೋಕಾಗದ ಉದ್ದದ್ದು ಇಟ್ಟು ಪುಸ್ತಕದಲ್ಲಿ ಬರೆದಿಡೋದು ಎಷ್ಟೋ ಮೇಲು.

ಉದ್ದ ಎಷ್ಟಿರ್ಬೇಕು? ಕಮ್ಮಿ ಅಂದ್ರೆ 8 ಅಕ್ಷರ, ಜಾಸ್ತಿ ಅಂದ್ರೆ 63, ಇದು ವೈಫೈ ಬೀಗದ ಲೆಕ್ಕ. ನನ್ನ ಪ್ರಕಾರ ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದ ಸಾಕು. ಬೀಸೋಕಲ್ಲು, ಮೂಗುತಿ, ದ್ರಾಕ್ಷಿ, ಕೊಡೆ, ಇಂಗೆ. ಎಲ್ಲಾ ಚಿಕ್ಕ ಅಕ್ಷರ, ಮಧ್ಯೆ ಖಾಲಿ ಜಾಗ ಬೇಡ, ಕೊನೇಲಿ ಎರಡು ಅಂಕಿ. ಇಲ್ಲಿ ಬರ್ದಿರೋದನ್ನೇ ಇಟ್ಕೋಬೇಡಿ ಮತ್ತೆ, ನಿಮ್ಮದು ನೀವೇ ಆರಿಸ್ಕೊಳ್ಳಿ.

ಕನ್ನಡ ಪದಕ್ಕೆ ಒಂದು ತಾಪತ್ರಯ ಐತೆ, ಅದನ್ನ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ. ಮಲ್ಲಿಗೆನ ಇಂಗ್ಲಿಷಲ್ಲಿ ಬರೆಯೋವಾಗ ಒಂದು ಎಲ್ ಹಾಕ್ತೀರಾ, ಎರಡಾ? ರಾಗಿಗೆ ಒಂದು ಎ ನಾ, ಎರಡು ಎ ನಾ? ಬೀಸೋಕಲ್ಲಿನ ಬೀಗೆ ಎರಡು ಇ ನಾ, ಒಂದು ಐ ನಾ? ಅಮ್ಮ ಒಂದು ತರ ಬರೀತಾಳೆ, ಮಗಳು ಒಂದು ತರ, ಸೊಸೆ ಇನ್ನೊಂದು ತರ. ಮೂರೂ ಓದಿದ್ರೆ ಒಂದೇ, ಬೀಗಕ್ಕೆ ಮಾತ್ರ ಮೂರೂ ಬೇರೆ. ನಮ್ಮ ಮನೆಗಳಲ್ಲಿ "ಸರಿಯಾಗೇ ಹಾಕಿದ್ದೀನಿ, ತಗೊಳ್ತಿಲ್ಲ" ಅನ್ನೋ ಜಗಳ ಎಷ್ಟೋ ಸಲ ಇಲ್ಲಿಂದಾನೇ ಹುಟ್ಟೋದು. ಅದಕ್ಕೇ ಬಾಯಲ್ಲಿ ಹೇಳಿದ್ರೆ ಸಾಲ್ದು, ಅಕ್ಷರ ಬರೆದು ತೋರಿಸ್ಬೇಕು. ಫೋನಲ್ಲಿ ಹೇಳೋವಾಗಂತೂ ಬಿ, ಡಿ, ಪಿ ಎಲ್ಲಾ ಒಂದೇ ತರ ಕೇಳಿಸ್ತವೆ. "ಬಿ ಫಾರ್ ಬಾಳೆಹಣ್ಣು, ಡಿ ಫಾರ್ ದಾಸವಾಳ, ಪಿ ಫಾರ್ ಪುದೀನ" ಅನ್ನಿ, ನಗ್ಲಿ ಬಿಡಿ. ಅಟ್ ಗುರುತಿಗೆ "ಸುತ್ತಿದ ಎ" ಅನ್ನಿ, ಹ್ಯಾಶಿಗೆ "ಅಡ್ಡ ಎರಡು ಗೀಟು, ಉದ್ದ ಎರಡು ಗೀಟು" ಅನ್ನಿ, ಅಜ್ಜಿಗೂ ಅರ್ಥ ಆಗ್ತದೆ.

ಈಗ ಅಕ್ಕಪಕ್ಕದವರ ವಿಷ್ಯ. ಇದು ನಾಜೂಕು. ನಮ್ಮ ಕಡೆ ಹೆಪ್ಪಿಗೆ ಮೊಸರು, ಒಗ್ಗರಣೆಗೆ ಕರಿಬೇವು ಇಲ್ಲ ಅನ್ನೋದು ಇಲ್ಲ. ಅಂಗೇ "ಪಾಸ್‌ವರ್ಡ್ ಹೇಳಕ್ಕ, ಮಗಂದು ಕ್ಲಾಸೈತೆ" ಅಂತ ಬಂದ್ರೆ ಯಂಗೆ ಇಲ್ಲ ಅನ್ನೋದು? ಇಲ್ಲ ಅನ್ಬೇಡಿ. ಆದ್ರೆ ಮೊಸರು ಕೊಟ್ರೆ ಅವತ್ತಿಗೆ ಮುಗೀತು, ಪಾಸ್‌ವರ್ಡು ಕೊಟ್ರೆ ಅದು ಅವರ ಫೋನಲ್ಲೇ ಉಳ್ಕೊಳ್ತದೆ, ಅವರಿಂದ ಅವರ ಭಾವನ ಮಗನಿಗೆ ಹೋಗ್ತದೆ. ಅದಕ್ಕೆ ಈಗಿನ ಬಹಳ ಡಬ್ಬಿಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಐತೆ. ಪಡಸಾಲೆ ಇದ್ದಂಗೆ. ಬಂದೋರು ಅಲ್ಲಿ ಕೂರ್ತಾರೆ, ಒಳಮನೆಗೆ ಬರಲ್ಲ. ಅದಕ್ಕೆ ಬೇರೆ ಪಾಸ್‌ವರ್ಡ್. ಹಬ್ಬ, ಮದುವೆ ಮುಗಿದ ಮೇಲೆ ಅದನ್ನೊಂದು ಬದಲಾಯಿಸಿದ್ರೆ ಆಯ್ತು, ಮನೆಯವರ ಫೋನಿಗೆ ತೊಂದ್ರೆ ಇಲ್ಲ, ನೆಂಟರಿಗೂ ಬೇಜಾರಿಲ್ಲ.

ಇನ್ನು, "ನಿಮ್ಮ ವೈಫೈ ಕಂಪನಿಯಿಂದ ಮಾತಾಡ್ತಿದ್ದೀವಿ, ಪಾಸ್‌ವರ್ಡ್ ಸರಿ ಮಾಡ್ತೀವಿ, ಓಟಿಪಿ ಹೇಳಿ, ಈ ಆಪ್ ಹಾಕ್ಕೊಳ್ಳಿ" ಅಂತ ಫೋನ್ ಬಂದ್ರೆ ಇಟ್ಬಿಡಿ. ವೈಫೈ ಸರಿ ಮಾಡೋಕೆ ಬ್ಯಾಂಕ್ ಓಟಿಪಿ ಯಾವತ್ತೂ ಬೇಕಾಗಲ್ಲ. ದುಡ್ಡು ಹೋಗೇ ಬಿಡ್ತು ಅಂದ್ರೆ ತಡ ಮಾಡ್ದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ಮೋಸದ ದೂರಿಗೆ ಇರೋ ಸರ್ಕಾರದ ನಂಬರು.

ಇದನ್ನೆಲ್ಲ ಬರ್ದಿದ್ದು ಇನ್ನೊಂದು ಮಾತಿಗೋಸ್ಕರ. ಪಾಸ್‌ವರ್ಡ್ ಬರೀ ಬೀಗ ಅಲ್ಲ ಕಣ್ರಮ್ಮ, ಕೆಲವು ಮನೇಲಿ ಅದು ಬೆತ್ತ. ಮಗನಿಗೆ ಪಾಸ್‌ವರ್ಡ್ ಗೊತ್ತಿರ್ತದೆ, ಮಗಳಿಗೆ ಗೊತ್ತಿರಲ್ಲ, "ಹೆಣ್ಣುಮಕ್ಕಳಿಗ್ಯಾಕೆ" ಅಂತ. ಸೊಸೆ ತವರಿಗೆ ವಿಡಿಯೋ ಕಾಲ್ ಜಾಸ್ತಿ ಮಾಡ್ತಾಳೆ ಅಂತ ಯಾರಿಗೂ ಹೇಳ್ದೆ ರಾತ್ರೋರಾತ್ರಿ ಪಾಸ್‌ವರ್ಡ್ ಬದಲಾಯಿಸ್ತಾರೆ. ಅವಳು ಬೆಳಗ್ಗೆ ಎದ್ದು ಫೋನೇ ಕೆಟ್ಟೋಗೈತೆ ಅಂತ ಅಂಗಡಿಗೆ ತಗೊಂಡು ಹೋಗ್ತಾಳೆ. ಇಂಥ ಮನೆ ನಾನೂ ನೋಡಿದ್ದೀನಿ, ನೀವೂ ನೋಡಿರ್ತೀರ. ಮೇಲೆ ಹೇಳಿದ ನಾಲ್ಕು ಕಾರಣದ ಜೊತೆ ಇದು ಐದನೇ ಕಾರಣ, ಇದಕ್ಕೆ ಯಾವ ಸೆಟ್ಟಿಂಗಲ್ಲೂ ಮದ್ದಿಲ್ಲ.

ಮಕ್ಕಳು ಪರೀಕ್ಷೆ ಹೊತ್ತಲ್ಲಿ ಫೋನು ಬಿಡಲ್ಲ ಅಂತ ಪಾಸ್‌ವರ್ಡ್ ಬದಲಾಯಿಸೋ ತಾಯಂದಿರೂ ಅವ್ರೆ. ನಾನು ಅದು ತಪ್ಪು ಅನ್ನಲ್ಲ. ಆದ್ರೆ ಕದ್ದುಮುಚ್ಚಿ ಬೇಡ. "ರಾತ್ರಿ ಒಂಬತ್ತಕ್ಕೆ ವೈಫೈ ಬಂದ್ ಆಗ್ತದೆ, ಅಣ್ಣಂಗೂ ಅಷ್ಟೆ, ತಂಗಿಗೂ ಅಷ್ಟೆ, ಅಪ್ಪಂಗೂ ಅಷ್ಟೆ" ಅಂತ ಎದುರಿಗೇ ಹೇಳಿ ಮಾಡಿ. ಎಲ್ಲರಿಗೂ ಒಂದೇ ಕಟ್ಟಳೆ ಆದ್ರೆ ಅದು ಶಿಸ್ತು. ಒಬ್ಬಳಿಗೆ ಮಾತ್ರ ಆದ್ರೆ ಅದು ಬೇರೇನೇ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ ನಮ್ಮ ಜಿಲ್ಲೆಯವರು ಅಂತ ಮಕ್ಕಳಿಗೆ ಕಥೆ ಹೇಳ್ತೀವಿ. ಅಂಥವರು ಮತ್ತೆ ಈ ನೆಲದಲ್ಲಿ ಹುಟ್ಟಿದ್ರೆ ಅದು ಹೆಣ್ಣುಮಗುವೂ ಆಗಿರ್ಬೋದು ಅನ್ನೋದು ಮರೀಬಾರ್ದು. ಅವಳಿಗೆ ಪಾಠದ ವಿಡಿಯೋ ನೋಡೋಕೆ ಅಣ್ಣನ ಅಪ್ಪಣೆ ಬೇಕಾ?

ಅದಕ್ಕೆ ಈ ವಾರ ಮನೆ ಧೂಳು ಹೊಡೆಯೋ ದಿನ ಟಿವಿ ಪಕ್ಕದ ಆ ಡಬ್ಬೀನೂ ಕೆಳಗಿಳಿಸಿ. ತಳದ ಚೀಟಿ ಫೋಟೋ ತಕ್ಕೊಳ್ಳಿ. ಹುಡುಗನಿಗೆ ಫೋನ್ ಮಾಡಿ, ಈಗ ನಡೀತಿರೋ ಪಾಸ್‌ವರ್ಡು ಯಾವ್ದು, ಒಳಮನೆ ಪಾಸ್‌ವರ್ಡು ಯಾವ್ದು, ಎರಡನ್ನೂ ಒಂದೊಂದೇ ಅಕ್ಷರ ಬರ್ಕೊಳ್ಳಿ. ದೊಡ್ಡ ಅಕ್ಷರದ ಕೆಳಗೆ ಗೆರೆ ಎಳೀರಿ, ಸೊನ್ನೆ ಮಧ್ಯೆ ಅಡ್ಡಗೀಟು ಹಾಕಿ. ಕಂಪನಿಯವರ ನಂಬರು, ನಿಮ್ಮ ಕನೆಕ್ಷನ್ ನಂಬರು ಅದರ ಕೆಳಗೇ ಇರ್ಲಿ. ಬರೆದದ್ದು ಸರೀನಾ ಅಂತ ಒಂದು ಫೋನಲ್ಲಿ ಹಾಕಿ ನೋಡಿ, ಆಮೇಲೆ ಪುಸ್ತಕ ಬೀರೂಲಿಡಿ. ಅತ್ತೆ, ಸೊಸೆ, ಮಗಳು, ಮೂವರಿಗೂ ಆ ಪುಸ್ತಕ ಎಲ್ಲೈತೆ ಅಂತ ಗೊತ್ತಿರ್ಲಿ. ಹುಡುಗ ಮುಂದಿನ ಸಲ ಬಂದು "ಅಮ್ಮ, ವೈಫೈ ಪಾಸ್‌ವರ್ಡ್ ಏನು?" ಅಂತ ನಿಮ್ಮನ್ನ ಕೇಳೋ ಅಂಗಾಗ್ಲಿ.